ಬ್ರೇಕಕ್ಕನ ಸೋಮವಾರದ ಕೆಮ್ಮು

ನಮ್ಮ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧದಷ್ಟು ಮಂದಿ ಬ್ರೇಕಕ್ಕನ ಬೈಗುಳ ತಿಂದೇ ಲೈಸೆನ್ಸ್ ಪಡೆದವರು. ಇನ್ನರ್ಧ ಮಂದಿ ಬೇರೆ ಕಡೆ ಕಲಿತವರು. ಅವರು ಗೋಡೆಗೆ ಗುದ್ದಿದಾಗಲೆಲ್ಲ ಜನ ಲೊಚಗುಟ್ಟಿ, ಅಕ್ಕನ ಹತ್ತಿರ ಕಲಿಯಬಾರದಿತ್ತೇ ಎಂದು ಕೇಳುತ್ತಾರೆ. ಅಕ್ಕನ ಹಳೆಯ ಬಿಳಿ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಕಲಿಯುವವರು ಸ್ಟಿಯರಿಂಗ್ ಹಿಡಿದು ತಾವೇ ಮಹಾಸಾರಥಿಗಳೆಂದು ಬೀಗುತ್ತಿರುವಾಗ, ಪಕ್ಕದಲ್ಲಿ ಕೂತ ಈಕೆ ಅವರ ಪ್ರಾಣವನ್ನು ತನ್ನ ಬಲಗಾಲಿನ ಕೆಳಗೆ ಜೋಪಾನವಾಗಿ ಇಟ್ಟುಕೊಂಡಿರುತ್ತಾಳೆ. ಇಪ್ಪತ್ತಾರು ವರ್ಷ ಹೀಗೆ ಎಮ್ಮೆ, ಸೈಕಲ್ಲು, ಲೈಟುಕಂಬ ಮತ್ತು ಮುನ್ಸಿಪಾಲಿಟಿ ಅಧ್ಯಕ್ಷರನ್ನು ಸಾವಿನ ದವಡೆಯಿಂದ ಪಾರುಮಾಡಿದ ಕಾಲಿಗೆ ಊರು ಕೊಟ್ಟ ಬಿರುದೇ ಬ್ರೇಕಕ್ಕ. ಸ್ವಂತ ಹೆಸರು ಏನೋ ಇದೆ. ಅದನ್ನು ಕೇಳಿದರೆ ಅವಳ ಗಂಡನೇ ಒಂದು ಕ್ಷಣ ಯೋಚಿಸುತ್ತಾರೆ.

ಗಂಡನನ್ನು ಅವಳು ಕರೆಯುವುದು ಯಜಮಾನರೇ ಎಂದು. ಮದುವೆಯಾದ ಮೂವತ್ತು ವರ್ಷಗಳಲ್ಲಿ ಅವರು ಯಜಮಾನಿಕೆ ನಡೆಸಿದ ದಾಖಲೆ ಎಲ್ಲೂ ಸಿಕ್ಕಿಲ್ಲ. ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಅಂಟಿಸುವ ಕೆಲಸ ಅವರದು. ಮಾತಾಡುವುದೂ ಲೈಬ್ರರಿಯಲ್ಲಿ ಇದ್ದಂತೆಯೇ. ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಅಕ್ಕನಿಗೆ ಈ ಒಬ್ಬ ಶಿಷ್ಯನನ್ನು ಮಾತ್ರ ದಡ ಮುಟ್ಟಿಸಲು ಆಗಿಲ್ಲ. ನಾಲ್ಕು ಸಲ ಟೆಸ್ಟಿಗೆ ಹೋಗಿ ನಾಲ್ಕು ಸಲವೂ ಗೌರವದಿಂದ ಫೇಲಾಗಿ ಬಂದಿದ್ದಾರೆ.

ಐದು ವರ್ಷದ ಹಿಂದೆ ಅಕ್ಕನ ಎರಡೂ ಕಿಡ್ನಿಗಳು ಒಮ್ಮತದಿಂದ ಕೆಲಸ ನಿಲ್ಲಿಸಿದವು. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಅವಳು ಡಯಾಲಿಸಿಸ್ ಕೇಂದ್ರದ ಮೂರನೇ ನಂಬರಿನ ಕುರ್ಚಿಯಲ್ಲಿ ವಿರಾಜಮಾನಳು. ಎಡಗೈಗೆ ಎರಡು ಸೂಜಿ, ಪಕ್ಕದಲ್ಲಿ ಗರಗರ ಎನ್ನುವ ಯಂತ್ರ. ಹನ್ನೊಂದೂವರೆಗೆ ಅದೇ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕ್ಲಾಸಿಗೆ ಹಾಜರು. ಸ್ವಲ್ಪ ಸುಧಾರಿಸಿಕೊಳ್ಳಿ ಅಂತ ಯಾರಾದರೂ ಅಂದರೆ, "ನನ್ನ ಕಿಡ್ನಿ ಫೇಲಾಗಿದೆ ಕಣಪ್ಪ, ಕಾಲಲ್ಲ. ನೀನು ಮೊದ್ಲು ಕ್ಲಚ್ ಒತ್ತು" ಅನ್ನುತ್ತಿದ್ದಳು.

ಈ ಕಾಯಿಲೆಯವರ ದೊಡ್ಡ ಶತ್ರು ನೀರು. ಕುಡಿದ ನೀರು ಹೊರಗೆ ಹೋಗುವ ದಾರಿಯೇ ಮುಚ್ಚಿರುವುದರಿಂದ ಅದು ಒಳಗೇ ಉಳಿದು ಕಾಲಿಗೆ, ಮುಖಕ್ಕೆ, ಕೊನೆಗೆ ಎದೆಗೆ ಇಳಿಯುತ್ತದೆ. ಅಕ್ಕನಿಗೆ ಕೇಂದ್ರದ ಡಾಕ್ಟರಮ್ಮ ಗೊತ್ತುಮಾಡಿದ್ದು ದಿನಕ್ಕೆ ಮುಕ್ಕಾಲು ಲೀಟರ್. ಅದಕ್ಕೆ ಅವಳು ಹೂಡಿದ ವ್ಯವಸ್ಥೆ ಇದು: ಬೆಳಗ್ಗೆ ಒಂದು ಬಾಟಲಿಗೆ ಮುಕ್ಕಾಲು ಲೀಟರ್ ನೀರು ತುಂಬಿಸಿ ಅಡುಗೆಮನೆ ಕಟ್ಟೆಯ ಮೇಲೆ ಇಡುವುದು. ಬೇರೆ ಏನು ಕುಡಿದರೂ, ಅರ್ಧ ಲೋಟ ಕಾಫಿಯೋ ಎರಡು ಚಮಚ ಮಜ್ಜಿಗೆಯೋ, ಅಷ್ಟೇ ನೀರನ್ನು ಬಾಟಲಿಯಿಂದ ಅಳೆದು ಕಿಟಕಿಯ ಗಿಡಕ್ಕೆ ಸುರಿಯುವುದು. ಬಾಟಲಿ ಖಾಲಿಯಾಯಿತೆಂದರೆ ಆ ದಿನಕ್ಕೆ ಬಾಯಿಗೆ ಬೀಗ. ಐದು ವರ್ಷದಲ್ಲಿ ಗಿಡ ಮಾತ್ರ ಚೆನ್ನಾಗಿ ಬೆಳೆದಿತ್ತು.

ಹೀಗೆ ರಾಜ್ಯಭಾರ ಸುಗಮವಾಗಿ ಸಾಗುತ್ತಿರುವಾಗ ಊರಿಗೆ ಫ್ಲೂ ಬಂತು. ಶಾಲೆಯಲ್ಲಿ ಕೆಮ್ಮು, ಬಸ್ಸಿನಲ್ಲಿ ಕೆಮ್ಮು, ಬ್ಯಾಂಕಿನ ಕ್ಯೂನಲ್ಲಿ ಕೆಮ್ಮು. ಡಯಾಲಿಸಿಸ್ ಕೇಂದ್ರದ ಮ್ಯಾನೇಜರು ಇದನ್ನು ತಮ್ಮ ಮೇಲೆ ಸಾರಿದ ಯುದ್ಧವೆಂದೇ ತಿಳಿದರು. ಅವರು ಮುಂಚೆ ಸಿನಿಮಾ ಟಾಕೀಸು ನಡೆಸುತ್ತಿದ್ದವರು. ಬಾಗಿಲಲ್ಲಿ ಜನರನ್ನು ತಡೆಯುವುದೇ ಆಡಳಿತ ಎಂಬುದು ಅಲ್ಲಿ ಕಲಿತ ಪಾಠ. ಮರುದಿನವೇ ಗಾಜಿನ ಬಾಗಿಲಿಗೆ ಒಂದು ಕಾಗದ ಅಂಟಿತು: 'ಜ್ವರ, ಕೆಮ್ಮು, ನೆಗಡಿ ಇರುವವರಿಗೆ ಪ್ರವೇಶವಿಲ್ಲ. ಐದು ದಿನಗಳ ನಂತರ ಬನ್ನಿ.'

ಟಾಕೀಸಿನಲ್ಲಿ ಈ ಮಾತಿಗೆ ಅರ್ಥವಿದೆ. ಐದು ದಿನ ಸಿನಿಮಾ ನೋಡದಿದ್ದರೆ ಯಾರೂ ಸಾಯುವುದಿಲ್ಲ.

ಕಾಗದ ಅಂಟಿದ್ದೇ ತಡ, ಕೇಂದ್ರದ ಹದಿನೆಂಟು ಪೇಷಂಟುಗಳಲ್ಲಿ ಒಬ್ಬರಿಗೂ ಕೆಮ್ಮು ಇರಲಿಲ್ಲ. ಇಡೀ ಊರು ಕೆಮ್ಮುತ್ತಿದ್ದಾಗ ಆ ಒಂದು ಹಾಲ್ ಮಾತ್ರ ಪರಮಾರೋಗ್ಯದ ಧಾಮ. ಬರುವ ಒಂದು ಗಂಟೆ ಮುಂಚೆ ಜ್ವರದ ಮಾತ್ರೆ ನುಂಗುವುದು, ಬಾಗಿಲಲ್ಲಿ ಸಿಸ್ಟರ್ ಹಣೆಗೆ ಥರ್ಮಾಮೀಟರ್ ಹಿಡಿಯುವ ಮುನ್ನ ಒದ್ದೆ ಕರ್ಚೀಫಿನಿಂದ ಒರೆಸಿಕೊಳ್ಳುವುದು, ಬಾಯಲ್ಲಿ ಲವಂಗ ಇಟ್ಟು ಕೆಮ್ಮನ್ನು ಗಂಟಲಲ್ಲೇ ಹೂತುಹಾಕುವುದು. ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದವರು ನಾಲ್ಕನೇ ಕುರ್ಚಿಯ ಮೇಷ್ಟ್ರು. ಮೂವತ್ತೈದು ವರ್ಷ ಮಕ್ಕಳು ಕಾಪಿ ಹೊಡೆಯುವುದನ್ನು ಹಿಡಿದವರು. ಎಲ್ಲ ವರಸೆಯೂ ಗೊತ್ತು.

ಬುಧವಾರ ಮೇಷ್ಟ್ರು ಅಕ್ಕನ ಪಕ್ಕದಲ್ಲಿ ನಾಲ್ಕು ಗಂಟೆ ಕೂತು ಕೆಂಪು ಮುಖದಲ್ಲಿ ಕೆಮ್ಮು ನುಂಗಿದರು. ಹಾಗೆ ನುಂಗಲಾಗದೆ ಮೂರ್ನಾಲ್ಕು ಸಲ ಅಕ್ಕನ ಕಡೆಗೇ ತಿರುಗಿ ಸೀನಿದರು. ಶುಕ್ರವಾರ ಅವರ ಕುರ್ಚಿ ಖಾಲಿ. ಅದೇ ದಿನ ಸಂಜೆ ಅಕ್ಕನ ಮೈ ಕಾದ ಹೆಂಚಾಯಿತು, ಮೂಳೆಗಳೆಲ್ಲ ಬೇರೆ ಬೇರೆಯಾಗಿ ನೋಯತೊಡಗಿದವು, ಎದೆಯ ಒಳಗಿಂದ ಹಳೇ ಲಾರಿ ಸ್ಟಾರ್ಟ್ ಆಗುವಂಥ ಕೆಮ್ಮು ಹೊರಟಿತು.

ಶನಿವಾರ ಮೇಷ್ಟ್ರ ಫೋನು. ನ್ಯುಮೋನಿಯಾ ಆಗಿ ಸೇರಿದ್ದ ದೊಡ್ಡಾಸ್ಪತ್ರೆಯಿಂದ, ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡೇ ಮಾತು.

"ಅಕ್ಕಾ, ಹೇಗಿದೀಯಮ್ಮ?"

"ನೀವು ಕೊಟ್ಟ ಪ್ರಸಾದ ಚೆನ್ನಾಗಿ ಹಿಡಿದಿದೆ ಮೇಷ್ಟ್ರೇ."

"ಅಯ್ಯೋ, ಬಂತಾ ನಿಂಗೂ? ತಪ್ಪಾಯ್ತಮ್ಮ. ಆದ್ರೆ ಏನ್ ಮಾಡ್ಲಿ, ಕೆಮ್ಮು ಅಂದಿದ್ರೆ ಐದು ದಿನ ಹೊರಗೆ ಹಾಕಿರೋರು. ನೋಡು, ಸೋಮವಾರಕ್ಕೆ ಹೇಳ್ಕೊಡ್ತೀನಿ. ಆರು ಗಂಟೆಗೆ ಮಾತ್ರೆ. ಆರೂವರೆಗೆ ಐಸು. ಬಾಗಿಲಲ್ಲಿ ಮಾತಾಡ್ಬೇಡ, ಬರೀ ತಲೆ ಆಡಿಸು."

"ತಲೆ ಆಡಿಸಿ ಒಳಗೆ ಹೋಗಿ, ಎರಡನೇ ಕುರ್ಚಿ ಟೈಲರ್‌ಗೆ ಅಂಟಿಸ್ಲಾ? ಅವನಿಗೆ ಮೊದ್ಲೇ ಸಕ್ಕರೆ ಕಾಯಿಲೆ."

"ಹಾಗಲ್ಲಮ್ಮ..."

"ಮೇಷ್ಟ್ರೇ, ನೀವು ಮುಚ್ಚಿಟ್ರಿ, ಔಷಧಿ ಶುರುಮಾಡೋಕೆ ತಡ ಆಯ್ತು, ನ್ಯುಮೋನಿಯಾ ಆಯ್ತು, ಮಲಗಿದೀರಿ. ಇಷ್ಟಾದ್ಮೇಲೂ ನಂಗೆ ಅದೇ ಪಾಠ ಹೇಳ್ತೀರಲ್ಲ, ನಿಮ್ಮನ್ನ ಯಾರು ಮೇಷ್ಟ್ರು ಮಾಡಿದ್ದು?"

ಆಕ್ಸಿಜನ್ನಿನ ಸುಯ್ಯೆನ್ನುವ ಶಬ್ದದ ನಡುವೆ ಮೇಷ್ಟ್ರ ಸಣ್ಣ ದನಿ ಬಂತು: "ಸೋಮವಾರ ಮಾತ್ರ ತಪ್ಪಿಸ್ಕೋಬೇಡ ಕಣಮ್ಮ. ಏನಾದ್ರೂ ಮಾಡಿ ಒಳಗೆ ಹೋಗು."

ಅದು ಅಕ್ಕನಿಗೂ ಗೊತ್ತಿತ್ತು. ಶುಕ್ರವಾರದಿಂದ ಸೋಮವಾರದವರೆಗಿನದು ವಾರದ ಅತಿ ಉದ್ದದ ಅಂತರ. ಈ ಕಾಯಿಲೆಯವರು ಅತಿ ಹೆಚ್ಚು ಹೆದರುವುದು ಅದಕ್ಕೇ. ಅದರ ಮೇಲೆ ಇನ್ನೈದು ದಿನ ಹೊರಗೆ ನಿಂತರೆ ಏನಾಗುತ್ತದೆಂದು ಕೇಂದ್ರದ ಹದಿನೆಂಟು ಜನರೂ ಬಲ್ಲರು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಈ ಸಂಕಟದ ನಡುವೆ ಮನೆಗೆ ನಾದಿನಿಯ ಆಗಮನವಾಯಿತು. ಯಜಮಾನರ ತಂಗಿ; ಎರಡು ಬೀದಿ ಆಚೆ ಮನೆ. ಯಾರಿಗೆ ಮೈ ಬಿಸಿಯಾದರೂ ಆಕೆಗೆ ಮೊದಲು ಗೊತ್ತಾಗುತ್ತದೆ, ಥರ್ಮಾಮೀಟರಿಗೆ ಆಮೇಲೆ. ಬಂದವಳು ಅಡುಗೆಮನೆಯನ್ನು ವಶಪಡಿಸಿಕೊಂಡು ಮೊದಲು ಕಿತ್ತಳೆ ಹಣ್ಣಿನ ರಸ ಹಿಂಡಿದಳು.

"ಅತ್ತಿಗೆ, ಇದು ಕುಡೀರಿ. ನೆಗಡಿಗೆ ಒಳ್ಳೇದು."

"ನೆಗಡಿಗೆ ಒಳ್ಳೇದು, ನಂಗಲ್ಲ. ಅದರಲ್ಲಿ ಪೊಟ್ಯಾಸಿಯಂ ಇರತ್ತೆ ಕಣೆ. ಹೃದಯ ನಿಂತ್ಹೋಗತ್ತೆ."

"ಕಿತ್ತಳೆ ಹಣ್ಣಿಂದ ಯಾರಾದ್ರೂ ಸಾಯ್ತಾರಾ?"

"ನಾನು ಸಾಯ್ತೀನಿ. ನಿಮ್ಮಣ್ಣಂಗೆ ಕೊಡು, ಅವರ ಹೃದಯ ಓಡ್ತಾ ಇದೆಯೋ ಇಲ್ವೋ ಅಂತ ನಂಗೂ ಡೌಟು."

ಮಾತ್ರೆಯ ಮಟ್ಟಿಗೂ ಇದೇ ಸಮರ. ಮೈಕೈ ನೋವಿಗೆಂದು ನಾದಿನಿ ಮೆಡಿಕಲ್ ಶಾಪಿನಿಂದ ತಂದ ಗುಲಾಬಿ ಮಾತ್ರೆ ನೋಡಿ ಅಕ್ಕ ಡಾಕ್ಟರಮ್ಮನಿಗೇ ಫೋನು ಮಾಡಿದಳು. ಮೂರು ಊರಿನ ಮೂರು ಕೇಂದ್ರಗಳನ್ನು ಒಬ್ಬರೇ ನೋಡಿಕೊಳ್ಳುವ ಹೆಂಗಸು ಆಕೆ. ಆ ದಿನ ಬೇರೆ ಊರಿನಲ್ಲಿದ್ದರು. "ಆ ನೋವಿನ ಮಾತ್ರೆ ಮುಟ್ಟಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ನಾನು ಹೇಳಿದಷ್ಟೇ. ಮೂಗು ಬಿಡಿಸೋ ಸಿರಪ್ಪು, ನೀರಲ್ಲಿ ಬುಸ್ ಅನ್ನೋ ಮಾತ್ರೆ, ಯಾವುದೂ ಬೇಡ. ಫ್ಲೂ ಮಾತ್ರೆ ಬರೆದುಕೊಡ್ತೀನಿ, ಒಂದು ಇವತ್ತೇ ತಗೊಳ್ಳಿ. ಬೇರೆಯವರ ಹಾಗೆ ದಿನಾ ಎರಡೆರಡು ನುಂಗಬೇಡಿ, ನಿಮ್ಮ ಮೈಯಿಂದ ಅದು ಹೊರಗೆ ಹೋಗಲ್ಲ. ಉಳಿದದ್ದು ಪ್ರತಿ ಡಯಾಲಿಸಿಸ್ ಮುಗಿದ ಮೇಲೆ ಒಂದೊಂದು. ಸೋಮವಾರ ತಪ್ಪಿಸಬೇಡಿ. ಉಸಿರು ತೀರಾ ಕಟ್ಟಿದ್ರೆ ಸೋಮವಾರಕ್ಕೂ ಕಾಯಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ."

ಬಾಗಿಲ ಮೇಲಿನ ಕಾಗದದ ವಿಷಯ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಆಕೆಯ ಮಾತು ಮುಗಿಯುವಷ್ಟರಲ್ಲಿ ಅಕ್ಕನಿಗೆ ಕೆಮ್ಮು ಬಂದು, ಹೇಳುವುದು ಹಾಗೇ ಉಳಿಯಿತು.

ಭಾನುವಾರ ಜ್ವರ ಏರಿತು. ಅಕ್ಕ ದಿನವಿಡೀ ಮಂಪರಿನಲ್ಲಿದ್ದಳು. ಬಾಟಲಿಯ ಉಸ್ತುವಾರಿ ಯಜಮಾನರ ಪಾಲಿಗೆ ಬಂತು. ಅವರು ಅದನ್ನು ಪುಸ್ತಕಕ್ಕೆ ನಂಬರು ಅಂಟಿಸುವಷ್ಟೇ ಶ್ರದ್ಧೆಯಿಂದ ಮಾಡಿದರು. ಕಾಫಿ ಕೊಟ್ಟರೆ ಅಷ್ಟು ನೀರು ಗಿಡಕ್ಕೆ, ಹಾಲು ಕೊಟ್ಟರೆ ಅಷ್ಟು ಗಿಡಕ್ಕೆ. ಸಂಜೆ ಬಾಟಲಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಅಕ್ಕನ ಕಣ್ಣರೆಪ್ಪೆ ಊದಿತ್ತು, ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ದಿಂಬು ಒರಗಿ ಕೂತರೆ ಹೇಗೋ ಬರುತ್ತಿತ್ತು.

"ರೀ, ಎಷ್ಟು ಕುಡಿಸಿದೀರಿ ನಂಗೆ?"

"ಬಾಟಲಿ ನೋಡು. ಒಂದು ಹನಿ ಜಾಸ್ತಿ ಇಲ್ಲ."

"ಮತ್ತೆ ಇದೇನು ಕಾಲು, ಕುಂಬಳಕಾಯಿ ಥರ?"

ವಿಚಾರಣೆ ನಡೆಯಿತು. ಮಂಪರಿನಲ್ಲಿದ್ದ ಅಕ್ಕನಿಗೆ ನಾದಿನಿ ಬೆಳಗಿನಿಂದ ಗಂಟೆಗೊಂದು ಲೋಟ ಶುಂಠಿ ಕಷಾಯ ಕುಡಿಸಿದ್ದು ಬೆಳಕಿಗೆ ಬಂತು.

"ಅದನ್ನ ಬಾಟಲಿಯಿಂದ ಯಾಕೆ ಕಳೀಲಿಲ್ಲ?" ಅಕ್ಕ ಕೇಳಿದಳು.

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಇಬ್ಬರ ಮುಖದಲ್ಲೂ ಪ್ರಾಮಾಣಿಕವಾದ ಆಶ್ಚರ್ಯ.

"ಅದು ಔಷಧಿ ಅಲ್ವಾ ಅತ್ತಿಗೆ?" ನಾದಿನಿ ಅಂದಳು. "ಔಷಧೀನ ಯಾರಾದ್ರೂ ನೀರು ಅಂತ ಅಳೀತಾರಾ?"

ಅಕ್ಕ ನಗಲು ಹೋದಳು. ನಗೆ ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ಅದು ಇಳಿದಾಗ ಅವಳು ಗಂಡನ ಕೈ ಹಿಡಿದುಕೊಂಡಿದ್ದಳು. ಹಾಗೆ ಹಿಡಿಯುವ ಅಭ್ಯಾಸ ಅವಳಿಗೆ ಇರಲಿಲ್ಲ. ಯಜಮಾನರು ಇನ್ನೊಂದು ಕೈಯಿಂದ ದಿಂಬು ಸರಿಮಾಡಿದರು.

"ಕೂತ್ರೆ ಉಸಿರು ಬರ್ತಿದೆ, ದೊಡ್ಡಾಸ್ಪತ್ರೆ ಬೇಡ. ನಾಳೆ ನಾನು ಒಳಗೆ ಹೋಗ್ತೀನಿ ಕಣ್ರೀ," ಅಂದಳು. "ಕೆಮ್ಮಿಕೊಂಡೇ ಹೋಗ್ತೀನಿ. ನೋಡೇಬಿಡೋಣ."

ಸೋಮವಾರ ಬೆಳಗ್ಗೆ ಆರೂವರೆಗೆ ದಿಗ್ವಿಜಯ ಯಾತ್ರೆ ಹೊರಟಿತು. ಆಟೋದವರು ಅಕ್ಕನ ಕೆಮ್ಮು ಕೇಳಿಯೇ ಗಾಡಿ ಮುಂದೆ ಓಡಿಸಿದ್ದರಿಂದ ಬೇರೆ ದಾರಿಯಿರಲಿಲ್ಲ. ಕೆಂಪು 'ಎಲ್' ಹಚ್ಚಿದ ಬಿಳಿ ಕಾರು; ಸ್ಟಿಯರಿಂಗಿನಲ್ಲಿ ನಾಲ್ಕು ಸಲ ಫೇಲಾದ ಸಾರಥಿ; ಪಕ್ಕದಲ್ಲಿ ಮಾಸ್ಕ್ ಹಾಕಿಕೊಂಡು, ಊದಿದ ಪಾದವನ್ನು ಎರಡನೇ ಬ್ರೇಕಿನ ಮೇಲಿಟ್ಟುಕೊಂಡ ಮಹಾರಾಣಿ. ಕಿಟಕಿಗಳೆಲ್ಲ ತೆರೆದಿದ್ದವು.

"ಸೆಕೆಂಡ್ ಹಾಕಿ."

"ಹಾಕಿದೀನಲ್ಲೇ."

"ಅದು ರಿವರ್ಸ್."

ಎರಡು ಕಿಲೋಮೀಟರ್ ದಾರಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ವಾಕಿಂಗಿಗೆ ಹೊರಟ ಮುದುಕರೊಬ್ಬರು ಕಾರನ್ನು ಹಿಂದೆ ಹಾಕಿ ಕೈಬೀಸಿ ಹೋದರು. ಅಕ್ಕ ಬೈಯಲು ಬಾಯಿ ತೆರೆಯುತ್ತಿದ್ದಳು. ಪ್ರತಿ ಬೈಗುಳವೂ ಅರ್ಧದಲ್ಲಿ ಉಸಿರು ತಪ್ಪಿ ಉದುರಿಹೋಗುತ್ತಿತ್ತು. ಪೂರ್ತಿ ಬೈಗುಳ ಕೇಳಿ ಅಭ್ಯಾಸವಿದ್ದ ಯಜಮಾನರಿಗೆ ಅರ್ಧ ಬೈಗುಳವೇ ಹೆಚ್ಚು ಭಯ ತಂದಿತು.

ಕೇಂದ್ರದ ಗಾಜಿನ ಬಾಗಿಲಲ್ಲಿ ಸಿಸ್ಟರ್ ಥರ್ಮಾಮೀಟರ್ ಹಿಡಿದು ನಿಂತಿದ್ದರು. ಹಿಂದೆ ವೆರಾಂಡದ ಬೆಂಚಿನಲ್ಲಿ ಏಳು ಗಂಟೆ ಶಿಫ್ಟಿನ ಐವರು ಲವಂಗ ಜಗಿಯುತ್ತ ಕೂತಿದ್ದರು. ಅಕ್ಕ ಆರು ಅಡಿ ದೂರದಲ್ಲೇ ನಿಂತಳು.

"ಸಿಸ್ಟರ್, ಅದು ಬೇಡ. ನಾನೇ ಹೇಳ್ತೀನಿ. ನಂಗೆ ಜ್ವರ ಇದೆ, ನೂರಾ ಒಂದು. ಕೆಮ್ಮು ಇದೆ. ಮೂರು ದಿನದಿಂದ ಫ್ಲೂ. ಮತ್ತೆ ಇವತ್ತು ಏಳು ಗಂಟೆಗೆ ನನ್ನ ಡಯಾಲಿಸಿಸ್ಸೂ ಇದೆ."

ಬೆಂಚಿನಲ್ಲಿ ಲವಂಗ ಜಗಿಯುವುದು ನಿಂತಿತು. ಅಂಥ ಮಾತನ್ನು ಆ ಬಾಗಿಲಲ್ಲಿ ಯಾರೂ ಆಡಿರಲಿಲ್ಲ. ಸಿಸ್ಟರ್ ಪಿಸುಗುಟ್ಟಿದರು: "ಅಕ್ಕಾ, ಮೆಲ್ಲಗೆ! ಯಾಕೆ ಹೀಗೆ ಕೂಗಿ ಹೇಳ್ತೀರಿ? ನಾನು ಈಗ ಬಿಡೋ ಹಾಗಿಲ್ಲವಲ್ಲ."

"ಮೆಲ್ಲಗೆ ಹೇಳಿದ್ದಕ್ಕೇ ಮೇಷ್ಟ್ರು ಆಕ್ಸಿಜನ್ ಮೇಲಿದಾರೆ."

ಮ್ಯಾನೇಜರು ಹೊರಗೆ ಬಂದರು. ಇಸ್ತ್ರಿ ಮುರಿಯದ ಶರ್ಟು, ಮೂಗಿನ ಮೇಲೆ ಎರಡೆರಡು ಮಾಸ್ಕು. ಬೆರಳು ನೇರವಾಗಿ ಕಾಗದದ ಕಡೆಗೆ ಹೋಯಿತು.

"ಓದೋಕೆ ಬರತ್ತಲ್ವಾ ಅಮ್ಮ? ಐದು ದಿನ ಬಿಟ್ಟು ಬನ್ನಿ."

"ಬರ್ತೀನಿ ಸ್ವಾಮಿ. ಹೆಗಲ ಮೇಲೆ ಹೊತ್ತು ತರೋಕೆ ನಾಲ್ಕು ಜನ ನೀವೇ ಕಳಿಸಿ."

"ಹಾಗೆಲ್ಲ ಮಾತಾಡ್ಬೇಡಿ. ಒಳಗೆ ಇರೋರೆಲ್ಲ ಕಾಯಿಲೆಯವರು. ಅವರಿಗೆ ಅಂಟಿದ್ರೆ ನಾನು ಜವಾಬ್ದಾರ."

"ಇದೊಂದು ಮಾತು ಸರಿಯಾಗಿ ಹೇಳಿದ್ರಿ. ಅದಕ್ಕೇ ನಾನು ಆರು ಅಡಿ ದೂರ ನಿಂತಿದೀನಿ. ನಂಗೆ ಮೂರನೇ ಕುರ್ಚಿ ಬೇಡ. ಒಂದು ಯಂತ್ರ, ಒಂದು ಮೂಲೆ ಕೊಡಿ. ಎಲ್ಲರದೂ ಮುಗಿದ ಮೇಲೆ ಕೊನೇ ಶಿಫ್ಟಾದ್ರೂ ಸರಿ, ಇಲ್ಲೇ ಕೂತ್ಕೋತೀನಿ. ಮನೆಗೆ ಮಾತ್ರ ಹೋಗಲ್ಲ."

ಇಷ್ಟು ಹೇಳುವುದರಲ್ಲಿ ಅವಳು ಎರಡು ಸಲ ನಿಂತು ಉಸಿರು ಹೆಕ್ಕಿಕೊಂಡಳು. ಮ್ಯಾನೇಜರ ಮುಖ ಅರಳಿತು. ತಮಗೆ ಬೇಕಾದ ಸಾಕ್ಷಿ ಸಿಕ್ಕಿತೆಂದು ಅವರಿಗೆ ಅನಿಸಿರಬೇಕು.

"ನೋಡಿ, ಉಸಿರು ಬಿಡೋಕೇ ಆಗ್ತಿಲ್ಲ ನಿಮಗೆ. ಸೋಂಕು ಎದೆಗೆ ಇಳಿದಿದೆ. ಇದು ಡಯಾಲಿಸಿಸ್ ಕೇಸೇ ಅಲ್ಲ. ಮೊದ್ಲು ಸೋಂಕು ವಾಸಿ ಮಾಡ್ಕೊಳ್ಳಿ."

"ಎದೆಗೆ ಇಳಿದಿರೋದು ಸೋಂಕೋ ನೀರೋ ನೀವು ಹೇಗೆ ಹೇಳ್ತೀರಿ? ತೂಕ ನೋಡಿ ಹೇಳಿ."

"ತೂಕದ ಮಷೀನು ಒಳಗಿದೆ. ನೀವು ಒಳಗೆ ಬರೋ ಹಾಗಿಲ್ಲ."

ಡಯಾಲಿಸಿಸ್ಸಿನವರಿಗೆಲ್ಲ ಒಂದು ಒಣ ತೂಕವಿದೆ: ಮೈಯಲ್ಲಿ ಹೆಚ್ಚುವರಿ ನೀರೇ ಇಲ್ಲದಾಗ ಎಷ್ಟು ತೂಗುತ್ತಾರೋ ಅಷ್ಟು. ಬರುವಾಗ ಅದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನು ಯಂತ್ರ ತೆಗೆಯಬೇಕು. ಅಕ್ಕನ ಒಣ ತೂಕ ಐವತ್ತೆಂಟು ಕಿಲೋ ಎಂಬುದು ಅವಳ ಫೈಲಿನಲ್ಲಿ ದೊಡ್ಡದಾಗಿ ಬರೆದಿತ್ತು. ಬೇಕಾಗಿದ್ದುದು ಆ ಮಷೀನು. ಅದು ಗಾಜಿನ ಬಾಗಿಲಿನ ಒಳಗಡೆ, ಹತ್ತು ಹೆಜ್ಜೆ ದೂರದಲ್ಲಿ ಕೂತಿತ್ತು.

ಆಗ ಚರಿತ್ರೆಯಲ್ಲಿ ಬರೆದಿಡಬೇಕಾದ ಘಟನೆ ನಡೆಯಿತು. ಇಷ್ಟು ಹೊತ್ತು ಕಾರಿನ ಕೀ ತಿರುಗಿಸುತ್ತ ಕಂಬದ ಪಕ್ಕದಲ್ಲಿ ನಿಂತಿದ್ದ ಯಜಮಾನರು ಕೀಯನ್ನು ಜೇಬಿಗೆ ಹಾಕಿ, ಮ್ಯಾನೇಜರ ಪಕ್ಕದಿಂದ ಒಳಗೆ ನಡೆದರು.

"ರೀ ಸ್ವಾಮಿ, ಎಲ್ಲಿಗೆ?"

"ನಂಗೆ ಜ್ವರ ಇಲ್ಲ," ಎಂದು ಯಜಮಾನರು ಲೈಬ್ರರಿಯ ದನಿಯಲ್ಲಿ ಹೇಳಿದರು. "ನಿಮ್ಮ ಕಾಗದದಲ್ಲಿ ನನ್ನ ವಿಷಯ ಏನೂ ಬರೆದಿಲ್ಲ."

ಹೊರಗೆ ಬಂದಾಗ ಅವರ ಎರಡೂ ಕೈಯಲ್ಲಿ ತೂಕದ ಮಷೀನಿತ್ತು. ಅದರ ಭಾರಕ್ಕೆ ಮುಖ ಕೆಂಪಾಗಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಂಗಳದ ಮಧ್ಯೆ ಸಿಂಹಾಸನ ಇಡುವಂತೆ ಅದನ್ನು ಇಟ್ಟು, "ಹತ್ತಿ ನಿಲ್ಲೇ" ಅಂದರು. ಮೂವತ್ತು ವರ್ಷದಲ್ಲಿ ಅವರು ಹೆಂಡತಿಗೆ ಕೊಟ್ಟ ಮೊದಲ ಅಪ್ಪಣೆ ಅದು. ಅಕ್ಕ ಎಷ್ಟು ಬೆರಗಾದಳೆಂದರೆ ತಕ್ಷಣ ಪಾಲಿಸಿದಳು.

ಮುಳ್ಳು ತೂಗಾಡಿ ನಿಂತಿತು. ಸಿಸ್ಟರ್ ಬಾಗಿ ನೋಡಿ ಗಟ್ಟಿಯಾಗಿ ಓದಿದರು: "ಅರವತ್ತೆರಡು."

"ಮೈನಸ್ ಐವತ್ತೆಂಟು?" ಅಕ್ಕ ಕೇಳಿದಳು.

ಮ್ಯಾನೇಜರು ಮಾಸ್ಕು ಸರಿಮಾಡಿಕೊಂಡರು. ಬೆಂಚಿನಿಂದ ಟೈಲರ್ ಉತ್ತರಿಸಿದ: "ನಾಲ್ಕು ಕಿಲೋ! ಅಯ್ಯಯ್ಯೋ ಅಕ್ಕಾ, ನಾಲ್ಕು ಕಿಲೋ ನೀರು ಹೊತ್ಕೊಂಡು ನಿಂತಿದೀಯಾ?"

"ನಮ್ಮ ನಾದಿನಿ ಕೈಗುಣ," ಅಂದಳು ಅಕ್ಕ. "ಮ್ಯಾನೇಜರ್ ಸಾಹೇಬ್ರೇ, ಫ್ಲೂ ನನ್ನ ಗಂಟಲಲ್ಲಿ ಇರಬಹುದು. ಆದ್ರೆ ಈಗ ಕತ್ತು ಹಿಸುಕ್ತಾ ಇರೋದು ಈ ನಾಲ್ಕು ಲೀಟರ್. ಇದನ್ನ ತೆಗೆಯೋ ಮಾತ್ರೆ ಯಾವ ಅಂಗಡೀಲೂ ಸಿಗಲ್ಲ. ನಿಮ್ಮ ಯಂತ್ರ ಒಂದೇ."

ಸಿಸ್ಟರ್ ಅಷ್ಟರಲ್ಲಿ ಅಕ್ಕನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಸಿಕ್ಕಿಸಿದ್ದರು. ತೊಂಬತ್ತೊಂದು. ಅವರು ಇನ್ನು ಪಿಸುಗುಟ್ಟಲಿಲ್ಲ. ಮೊಬೈಲ್ ತೆಗೆದು, ಮ್ಯಾನೇಜರ ಎದುರಿಗೇ ಡಾಕ್ಟರಮ್ಮನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿ, ಕಾಗದದ ವಿಷಯದಿಂದ ಹಿಡಿದು ನಾಲ್ಕು ಕಿಲೋದವರೆಗೆ ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದರು.

ಡಾಕ್ಟರಮ್ಮನ ಪ್ರಶ್ನೆ ಮಾತ್ರ ಬೇರೆಯೇ ಇತ್ತು. "ಅಲ್ರೀ, ಒಂಟಿ ಕೋಣೆ ಏನಾಯ್ತು? ಕೇಂದ್ರ ಕಟ್ಟುವಾಗ ಇಂಥವರಿಗೆ ಅಂತಲೇ ಎಡಗಡೆ ಒಂದು ಕೋಣೆ ಮಾಡಿಸಿದ್ದೆವಲ್ಲ? ನೀರಿನ ಪೈಪು, ಬೇರೆ ಬಾಗಿಲು ಎಲ್ಲ ಇತ್ತು."

ಸಿಸ್ಟರ್ ಮೇಲೆ ನೋಡಿದರು. ಮ್ಯಾನೇಜರು ಕೆಳಗೆ ನೋಡಿದರು. ಎಡಗಡೆಯ ಆ ಕೋಣೆಯಲ್ಲಿ ಎರಡು ವರ್ಷದಿಂದ ಖಾಲಿ ರಟ್ಟಿನ ಪೆಟ್ಟಿಗೆಗಳೂ, ಕಾಲು ಮುರಿದ ಕುರ್ಚಿಗಳೂ, ಯಾವುದೋ ಉದ್ಘಾಟನೆಗೆ ತಂದ ಆರು ಪ್ಲಾಸ್ಟಿಕ್ ಹೂಕುಂಡಗಳೂ ಸುಖವಾಗಿ ವಾಸವಾಗಿದ್ದವು. ಅವಕ್ಕೆ ಕೆಮ್ಮು ಇರಲಿಲ್ಲ, ಪ್ರವೇಶ ಸಿಕ್ಕಿತ್ತು.

"ಈಗಲೇ ಖಾಲಿ ಮಾಡಿಸಿ," ಡಾಕ್ಟರಮ್ಮನ ದನಿ ಫೋನಿನಿಂದ ಹಾರಿ ಬಂತು. "ಸ್ಪೇರ್ ಯಂತ್ರ ಅಲ್ಲಿಗೆ ತಳ್ಳಿ. ಅವರನ್ನ ಕೊನೇ ಶಿಫ್ಟಿಗೆ ಕಾಯಿಸೋ ಹಾಗಿಲ್ಲ, ಕಿಟಕಿ ತೆಗೆದು ಈಗಲೇ ಶುರುಮಾಡಿ, ಆಕ್ಸಿಜನ್ ಹಾಕಿ. ನಾಲ್ಕು ಕಿಲೋ ಒಂದೇ ಸಲ ಎಳೀಬೇಡಿ, ಬಿ.ಪಿ. ಕುಸಿಯತ್ತೆ, ಇವತ್ತು ಎರಡೂಮುಕ್ಕಾಲು, ಉಳಿದದ್ದಕ್ಕೆ ನಾಳೆ ಒಂದು ಸಲ ಬರಲಿ. ನೋಡಿಕೊಳ್ಳೋ ಸಿಸ್ಟರ್ ಒಬ್ಬರೇ ಇರಲಿ. ಗೌನು, ಗ್ಲೌಸು, ಮಾಸ್ಕು ಹಾಕ್ಕೊಂಡು ಮಾಡಲಿ. ನಾನು ಹನ್ನೆರಡಕ್ಕೆ ಅಲ್ಲಿರ್ತೀನಿ. ಮ್ಯಾನೇಜರಿಗೆ ಹೇಳಿ, ಇರಬೇಕು ಅಂತ."

ಆಮೇಲಿನ ಇಪ್ಪತ್ತು ನಿಮಿಷ ನೋಡುವಂತಿತ್ತು. ರಟ್ಟಿನ ಪೆಟ್ಟಿಗೆಗಳು ಹಾರಿ ಅಂಗಳಕ್ಕೆ ಬಿದ್ದವು. ಟೈಲರ್ ಒಂದು ಹೂಕುಂಡ ಹೊತ್ತ. ಯಜಮಾನರು ರಕ್ತ ಏರಿದ ಮುಖದಲ್ಲಿ ಕುರ್ಚಿಗಳನ್ನು ಹೊರಗೆಸೆಯುತ್ತಿದ್ದರು. ಇಷ್ಟು ಸದ್ದು ಮಾಡಲು ಯಾರೂ ಅವರಿಗೆ ಜೀವಮಾನದಲ್ಲಿ ಅವಕಾಶ ಕೊಟ್ಟಿರಲಿಲ್ಲ. ಮ್ಯಾನೇಜರು ಕೂಡ ಕೊನೆಗೆ ತೋಳು ಮಡಚಿ ಯಂತ್ರ ತಳ್ಳಲು ಬಂದರು, ಇಸ್ತ್ರಿ ಮುರಿಯಿತು. ಅಕ್ಕ ಅಂಗಳದಲ್ಲಿ ಗೋಡೆಗೊರಗಿ ಕೂತು ನಿರ್ದೇಶನ ಕೊಟ್ಟಳು: "ಎಡಕ್ಕೆ... ಇನ್ನೂ ಎಡಕ್ಕೆ... ಸ್ವಲ್ಪ ಹಿಂದೆ... ಸಾಕು, ಬ್ರೇಕ್!"

ಏಳೂ ನಲವತ್ತಕ್ಕೆ ಸೂಜಿ ಚುಚ್ಚಿದರು. ಯಂತ್ರ ಗರಗರ ಶುರುಮಾಡಿತು. ಮೊದಲ ಗಂಟೆ ಅಕ್ಕ ಕಣ್ಣು ಮುಚ್ಚಿ ಬರೀ ಉಸಿರಾಡಿದಳು. ಎರಡನೇ ಗಂಟೆಗೆ ಒಂದು ಪೂರ್ತಿ ವಾಕ್ಯ ಹೇಳಿದಳು. ಮೂರನೇ ಗಂಟೆಗೆ, ಕಿಟಕಿಯ ಹೊರಗೆ ನಿಂತಿದ್ದ ಗಂಡನಿಗೆ, ಬೆಳಗ್ಗೆ ದಾರಿಯಲ್ಲಿ ಅರ್ಧಕ್ಕೆ ನಿಂತಿದ್ದ ಬೈಗುಳಗಳನ್ನೆಲ್ಲ ಒಂದೊಂದಾಗಿ ಪೂರೈಸಿಕೊಟ್ಟಳು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಜಿಗಿಂತ ಕಣ್ಣನ್ನೇ ಹೆಚ್ಚು ಹೊತ್ತು ಒರೆಸಿದರು.

ಮಧ್ಯಾಹ್ನ ಬಂದ ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಎಕ್ಸ್-ರೇ ನೋಡಿ, ಫ್ಲೂ ಮಾತ್ರೆಯನ್ನು ಸ್ವಂತ ಕೈಯಿಂದ ನುಂಗಿಸಿದರು. "ನೀವು ಬಾಗಿಲಲ್ಲಿ ಹೇಳಿದ್ದು ಒಳ್ಳೇದಾಯ್ತು. ಬಚ್ಚಿಟ್ಟಿದ್ರೆ ಮೂರನೇ ಕುರ್ಚಿಯಲ್ಲಿ ಕೂತು ಇನ್ನೂ ಇಬ್ಬರಿಗೆ ಹಂಚಿರ್ತಿದ್ರಿ" ಎಂದರು. ಹದಿನೆಂಟು ಜನರಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳದವರ ಪಟ್ಟಿ ಮಾಡಿಸಿದರು. ಅದರಲ್ಲಿ ಅಕ್ಕನ ಹೆಸರೂ ಇತ್ತು. ಸೂಜಿ ಸಾಕಾಗಿತ್ತು ಎಂದು ಅಕ್ಕ ಗೊಣಗಿದಳು. ವಾರಕ್ಕೆ ಆರು ಸೂಜಿ ಚುಚ್ಚಿಸಿಕೊಳ್ಳುವವರ ಬಾಯಲ್ಲಿ ಆ ಮಾತು ಶೋಭಿಸುವುದಿಲ್ಲವೆಂದು ಡಾಕ್ಟರಮ್ಮ ಬೈದರು. ಬೈಸಿಕೊಂಡು ಅಭ್ಯಾಸವಿಲ್ಲದ ಅಕ್ಕ ಸುಮ್ಮನಾದಳು.

ಕಾಗದ ಕಿತ್ತುಹಾಕಿದ್ದು ಯಾರೆಂದು ಗೊತ್ತಾಗಲಿಲ್ಲ. ಮಂಗಳವಾರ ಅಕ್ಕ ಉಳಿದ ನೀರು ತೆಗೆಸಲು ಬಂದಾಗ ಅದರ ಜಾಗದಲ್ಲಿ ಸಿಸ್ಟರ್ ಕೈಬರಹದ ಬೇರೆ ಕಾಗದ ಇತ್ತು: 'ಜ್ವರ, ಕೆಮ್ಮು ಇದ್ದರೆ ಬರುವ ಮೊದಲು ಫೋನ್ ಮಾಡಿ. ಎಡಗಡೆಯ ಬಾಗಿಲಿಗೆ ಬನ್ನಿ. ಡಯಾಲಿಸಿಸ್ ತಪ್ಪಿಸಬೇಡಿ.'

ಬುಧವಾರ ಬೆಳಗ್ಗೆ ಅಕ್ಕ ಎಡಗಡೆಯ ಬಾಗಿಲಿಗೆ ಹೋದಾಗ ಅಲ್ಲಿ ಮುಂಚೆಯೇ ಇಬ್ಬರು ದೂರ ದೂರ ನಿಂತಿದ್ದರು. ಒಬ್ಬ ಟೈಲರ್. ಇನ್ನೊಬ್ಬಳು ಮಧ್ಯಾಹ್ನದ ಶಿಫ್ಟಿನ ಹೂವಿನವಳು. ಇಬ್ಬರೂ ಲವಂಗವಿಲ್ಲದೆ, ಮನಸಾರೆ, ಎದೆ ತುಂಬ ಕೆಮ್ಮುತ್ತಿದ್ದರು. ಎಷ್ಟು ದಿನದಿಂದ ಹಿಡಿದಿಟ್ಟ ಕೆಮ್ಮೋ, ಅದರಲ್ಲಿ ಒಂಥರಾ ಹಬ್ಬದ ಕಳೆಯಿತ್ತು.

"ಯಾವಾಗಿನಿಂದಪ್ಪ ಇದು?" ಅಕ್ಕ ಟೈಲರ್‌ನನ್ನು ಕೇಳಿದಳು.

"ಶುಕ್ರವಾರದಿಂದ ಅಕ್ಕ."

"ಕಳ್ಳ! ಮೊನ್ನೆ ಬೆಂಚಿನ ಮೇಲೆ ಕೂತು ನನ್ನ ತೂಕ ಕೂಗ್ತಾ ಇದ್ಯಲ್ಲೋ?"

"ಅವತ್ತು ನಂಗೆ ಧೈರ್ಯ ಇರ್ಲಿಲ್ಲ," ಎಂದು ಟೈಲರ್ ಹಲ್ಲು ಕಿರಿದ. "ಕೆಮ್ಮಿತ್ತು ಅಷ್ಟೇ."

ಸದ್ದು ಕೇಳಿ ಮ್ಯಾನೇಜರು ಬಂದು ಬಾಗಿಲಲ್ಲಿ ನಿಂತರು. ಮೂರು ಜನರನ್ನು ಎಣಿಸಿದರು, ಕೋಣೆಯೊಳಗಿನ ಒಂದೇ ಯಂತ್ರವನ್ನು ಎಣಿಸಿದರು, ಮತ್ತೆ ಮೂರು ಜನರನ್ನು ಎಣಿಸಿದರು. ಅವರ ಬೆರಳು ಹಳೆಯ ಚಾಳಿಯಂತೆ ಮೇಲೆದ್ದು, ತೋರಿಸಲು ಏನೂ ಸಿಗದೆ ಗಾಳಿಯಲ್ಲೇ ನಿಂತಿತು.

"ಒಂದೇ ಯಂತ್ರ ಇರೋದು," ಅಂದರು.

"ಗೊತ್ತು ಬಿಡಿ," ಎಂದಳು ಬ್ರೇಕಕ್ಕ, ಮಾಸ್ಕು ಸರಿಮಾಡಿಕೊಂಡು. "ಟೈಲರ್‌ಗೆ ಸಕ್ಕರೆ ಕಾಯಿಲೆ, ಮುಖ ನೋಡಿದ್ರೆ ಊದಿದೆ, ಅವನು ಮೊದ್ಲು. ನಂದು ನಿನ್ನೆ ತಾನೇ ಆಗಿದೆ, ನಾನು ಎರಡನೇದು. ಹೂವಿನಮ್ಮ ಮೂರನೇದು, ಅವಳ ಶಿಫ್ಟೇ ಮಧ್ಯಾಹ್ನ. ಮಧ್ಯೆ ಮಧ್ಯೆ ಯಂತ್ರ ತೊಳೀಬೇಕು. ಅಲ್ಲಿಗೆ ಸಾಯಂಕಾಲ ಏಳೂವರೆ ಆಗತ್ತೆ. ನೀವು ಮನೆಗೆ ಫೋನ್ ಮಾಡಿ, ಇವತ್ತು ಲೇಟು ಅಂತ ಹೇಳಿಬಿಡಿ."

ಮ್ಯಾನೇಜರು ಏನೋ ಹೇಳಲು ಹೊರಟರು. ಟೈಲರ್ ಅವರನ್ನು ದಾಟಿಕೊಂಡು ಒಳಗೆ ಹೋಗಿ, ಆಗಲೇ ಸೂಜಿಗೆಂದು ಅಂಗಿಯ ತೋಳು ಮಡಚುತ್ತಿದ್ದ.